ಸಕ್ಕರೆ ಮತ್ತು ಕರುಳಿನ ಹಾರ್ಮೋನುಗಳು: ನಾವು ಹೋಟೆಲಿನವರು ತಿಳಿದಿರಬೇಕಾದದ್ದು

ದಾದರ್ ಸ್ಟೇಶನ್ನಿನ ಆಚೀಚೆ ಹೋಟೆಲ್ ನಡೆಸುವ ನಮ್ಮವರನ್ನು ಕೇಳಿ ನೋಡಿ. ಇಪ್ಪತ್ತು ವರ್ಷಗಳ ಹಿಂದೆ ಗಲ್ಲಾದ ಎದುರು ನಿಂತು "ಶೆಟ್ರೇ, ಚಾಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿ ಹಾಕಲಿಕ್ಕೆ ಹೇಳಿ" ಎನ್ನುವ ಗಿರಾಕಿಗಳು ಬೇಕಾದಷ್ಟು ಇದ್ದರು. ಈಗ ಅದೇ ಜಾಗದಲ್ಲಿ "ಸಕ್ಕರೆ ಇಲ್ಲದ ಚಾ ಉಂಟಾ?" ಎಂದು ಕೇಳುವವರು ದಿನಕ್ಕೆ ಹತ್ತಾರು ಮಂದಿ. ಇನ್ನು ಕೆಲವರು "ವಾರಕ್ಕೊಂದು ಇಂಜೆಕ್ಷನ್ ತಗೊಳ್ತಾ ಇದ್ದೇನೆ, ಪೂರ್ತಿ ರೈಸ್ ಪ್ಲೇಟ್ ಹೋಗುವುದಿಲ್ಲ, ಅರ್ಧ ಕೊಡ್ತೀರಾ?" ಎನ್ನುತ್ತಾರೆ. ಗಿರಾಕಿಗಳ ಮಾತು ಹಾಗಿರಲಿ, ಗಲ್ಲಾದ ಈಚೆ ಕುಳಿತ ನಮ್ಮಲ್ಲೇ ಎಷ್ಟು ಮಂದಿ ಊಟಕ್ಕೆ ಮುಂಚೆ ಕಿಸೆಯಿಂದ ಮಾತ್ರೆ ತೆಗೆಯುತ್ತೇವೆ ಎಂಬುದು ನಮಗೇ ಗೊತ್ತಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಅಂದರೆ ನಮ್ಮ ಹೋಟೆಲಿನ ಪ್ರತಿಯೊಂದು ಟೇಬಲಿನಲ್ಲೂ ಅಂಥವರೊಬ್ಬರು ಕುಳಿತಿರುವ ಸಾಧ್ಯತೆ ಇದೆ ಎಂದುಕೊಂಡೇ ನಾವು ವ್ಯಾಪಾರ ಮಾಡಬೇಕು.

ಸಕ್ಕರೆ ತಿಂದರೆ ರಕ್ತದಲ್ಲಿ ಸಕ್ಕರೆ ಏರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ತಿಂದ ಸಕ್ಕರೆ ರಕ್ತಕ್ಕೆ ಸೇರುವ ಮೊದಲು ಕರುಳಿನಲ್ಲಿ ಏನು ಮಾಡುತ್ತದೆ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಕರುಳು ಬರೀ ಕೊಳವೆಯಲ್ಲ. ಬಂದ ಸಕ್ಕರೆಯನ್ನು ಅದು ಗುರುತಿಸುತ್ತದೆ, ಹಾರ್ಮೋನುಗಳ ಮೂಲಕ ದೇಹಕ್ಕೆ ಸುದ್ದಿ ಕಳಿಸುತ್ತದೆ. ಎಷ್ಟು ಸಕ್ಕರೆ, ಎಷ್ಟು ಬೇಗ, ಯಾವ ರೂಪದಲ್ಲಿ, ಯಾವುದರ ನಂತರ ಬಂತು ಎಂಬುದರ ಮೇಲೆ ಆ ಸುದ್ದಿ ನಿಂತಿದೆ. ಈ ನಾಲ್ಕೂ ನಮ್ಮ ಅಡುಗೆಮನೆಯಲ್ಲಿ ತೀರ್ಮಾನವಾಗುವ ವಿಷಯಗಳು. ಆದ್ದರಿಂದಲೇ ಈ ಲೇಖನ.

ಮೊದಲು ಗೊತ್ತಾದದ್ದು ಹೇಗೆ?

1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ವಿಜ್ಞಾನಿಗಳು ನಾಯಿಯೊಂದರ ಸಣ್ಣ ಕರುಳಿನ ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಗೆ ಸ್ವಲ್ಪ ಆಮ್ಲ ಹಾಕಿದರು. ನರವೇ ಇಲ್ಲದ ಮೇಲೆ ಸುದ್ದಿ ಹೋಗಬಾರದು ತಾನೇ? ಆದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಕರುಳಿನಿಂದ ರಕ್ತದ ಮೂಲಕ ಯಾವುದೋ ರಾಸಾಯನಿಕ ಹೋಗಿ ಗ್ರಂಥಿಯನ್ನು ಎಬ್ಬಿಸಿದೆ ಎಂದು ಅವರು ತಿಳಿದರು. ಅದಕ್ಕೆ ಸೆಕ್ರೆಟಿನ್ ಎಂದು ಹೆಸರಾಯಿತು. ಇಂಥ ದೂತ ರಾಸಾಯನಿಕಗಳಿಗೆ ಹಾರ್ಮೋನ್ ಎಂಬ ಹೆಸರನ್ನು ಸ್ಟಾರ್ಲಿಂಗ್ ಬಳಸಿದ್ದು 1905ರಲ್ಲಿ. ಅಂದರೆ ಹಾರ್ಮೋನ್ ಎಂಬ ಮಾತು ಹುಟ್ಟಿದ್ದೇ ಕರುಳಿನ ಅಧ್ಯಯನದಿಂದ.

ಸಕ್ಕರೆಯ ಕಥೆ ಸ್ಪಷ್ಟವಾದದ್ದು 1964ರಲ್ಲಿ. ಆ ಹೊತ್ತಿಗೆ ರಕ್ತದಲ್ಲಿರುವ ಇನ್ಸುಲಿನ್ನನ್ನು ಅಳೆಯುವ ವಿಧಾನ ಬಂದಿತ್ತು. ಗ್ಲೂಕೋಸನ್ನು ಒಮ್ಮೆ ಬಾಯಿಂದ ಕುಡಿಸಿ, ಇನ್ನೊಮ್ಮೆ ರಕ್ತನಾಳಕ್ಕೆ ನೇರವಾಗಿ ಕೊಟ್ಟು ನೋಡಿದರು. ಬಾಯಿಂದ ಕುಡಿದಾಗ ಇನ್ಸುಲಿನ್ ಹೆಚ್ಚು ಬಂತು. ಅಂದಮೇಲೆ ದಾರಿಯಲ್ಲಿ ಸಿಗುವ ಕರುಳು ಏನೋ ಮಾಡುತ್ತಿದೆ ಎಂದಾಯಿತು. ಆರೋಗ್ಯವಂತರಲ್ಲಿ ಗ್ಲೂಕೋಸ್ ಕುಡಿದ ಮೇಲೆ ಬರುವ ಇನ್ಸುಲಿನ್ನಿನ ಅರ್ಧ ಅಥವಾ ಅದಕ್ಕಿಂತಲೂ ಹೆಚ್ಚು ಪಾಲು ಕರುಳಿನ ಈ ಸುದ್ದಿಯಿಂದಲೇ ಬರುತ್ತದೆ ಎಂದು ಈಗ ಗೊತ್ತಾಗಿದೆ.

ಈ ಕೆಲಸ ಮಾಡುವ ಮುಖ್ಯ ಹಾರ್ಮೋನುಗಳು ಎರಡು. ಒಂದು ಜಿಐಪಿ, ಇದು 1970ರ ದಶಕದ ಆರಂಭದಲ್ಲಿ ಪತ್ತೆಯಾಯಿತು. ಇನ್ನೊಂದು ಜಿಎಲ್‌ಪಿ-1, ಇದರ ಕೆಲಸ ಸ್ಪಷ್ಟವಾದದ್ದು 1987ರಲ್ಲಿ. ಈ ಎರಡಕ್ಕೂ ಸೇರಿಸಿ ಇನ್‌ಕ್ರೆಟಿನ್ ಎನ್ನುತ್ತಾರೆ.

ಕರುಳಿನಲ್ಲಿ ಸಕ್ಕರೆಯನ್ನು ಗುರುತಿಸುವವರು ಯಾರು?

ಕರುಳಿನ ಒಳಪದರದಲ್ಲಿರುವ ಕೋಶಗಳಲ್ಲಿ ಹೆಚ್ಚಿನವುಗಳ ಕೆಲಸ ಆಹಾರ ಹೀರುವುದು. ಅವುಗಳ ನಡುವೆ ನೂರಕ್ಕೆ ಒಂದರಷ್ಟು ಮಾತ್ರ ಹಾರ್ಮೋನು ತಯಾರಿಸುವ ಕೋಶಗಳಿವೆ. ಜಿಐಪಿ ತಯಾರಿಸುವ ಕೆ ಕೋಶಗಳು ಸಣ್ಣ ಕರುಳಿನ ಮೇಲ್ಭಾಗದಲ್ಲಿ, ಅಂದರೆ ಜಠರದಿಂದ ಹೊರಬಿದ್ದ ಕೂಡಲೇ ಸಿಗುವ ಭಾಗದಲ್ಲಿ ಹೆಚ್ಚು. ಜಿಎಲ್‌ಪಿ-1 ತಯಾರಿಸುವ ಎಲ್ ಕೋಶಗಳು ಕೆಳಕ್ಕೆ ಹೋದಂತೆ ಹೆಚ್ಚುತ್ತವೆ.

ಈ ಕೋಶದ ಒಳಮುಖಕ್ಕೆ ಒಂದು ಬಾಗಿಲಿದೆ. ಅದರ ಹೆಸರು ಎಸ್‌ಜಿಎಲ್‌ಟಿ-1. ಗ್ಲೂಕೋಸ್ ಒಂದೇ ಬಂದರೆ ಈ ಬಾಗಿಲು ತೆರೆಯುವುದಿಲ್ಲ, ಜೊತೆಗೆ ಸೋಡಿಯಂ, ಅಂದರೆ ಉಪ್ಪಿನ ಅಂಶ ಬರಬೇಕು. ಎರಡೂ ಜೊತೆಯಾಗಿ ಒಳಗೆ ಹೋಗುತ್ತವೆ. ಭೇದಿಯಾದಾಗ ನೀರಿಗೆ ಸಕ್ಕರೆ ಮತ್ತು ಉಪ್ಪು ಎರಡನ್ನೂ ಹಾಕಿ ಕುಡಿಸುವುದು, ಓಆರ್‌ಎಸ್ ಕೊಡುವುದು ಇದೇ ಕಾರಣಕ್ಕೆ. ಸಕ್ಕರೆ ಉಪ್ಪನ್ನು ಎಳೆದುಕೊಂಡು ಹೋಗುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಅವರು ಕಾಲರಾ ರೋಗಿಗಳ ಜೀವ ಉಳಿಸಿದ್ದು ಇದೇ ಬಾಗಿಲಿನ ಬಲದಿಂದ.

ಹಾರ್ಮೋನಿನ ಕೋಶದಲ್ಲಿ ಇದೇ ಬಾಗಿಲು ಬೇರೊಂದು ಕೆಲಸ ಮಾಡುತ್ತದೆ. ಸೋಡಿಯಂ ವಿದ್ಯುದಂಶವಿರುವ ಕಣ. ಅದು ಒಳಗೆ ಬಂದಾಗ ಕೋಶದಲ್ಲಿ ಸಣ್ಣ ವಿದ್ಯುತ್ ಬದಲಾವಣೆಯಾಗುತ್ತದೆ. ಅದರಿಂದ ಕ್ಯಾಲ್ಶಿಯಂ ಒಳಬರುವ ದಾರಿ ತೆರೆಯುತ್ತದೆ. ಕ್ಯಾಲ್ಶಿಯಂ ಬಂದೊಡನೆ ಕೋಶದೊಳಗೆ ಪುಟ್ಟ ಪುಟ್ಟ ಪೊಟ್ಟಣಗಳಲ್ಲಿ ತುಂಬಿಟ್ಟಿದ್ದ ಹಾರ್ಮೋನು ಹೊರಕ್ಕೆ ಸುರಿದು ರಕ್ತಕ್ಕೆ ಸೇರುತ್ತದೆ. ಈ ಬಾಗಿಲೇ ಇಲ್ಲದ ಇಲಿಗಳನ್ನು ತಯಾರಿಸಿ ಪರೀಕ್ಷಿಸಿದ ವರದಿ 2012ರಲ್ಲಿ ಪ್ರಕಟವಾಯಿತು. ಅಂಥ ಇಲಿಗಳಿಗೆ ಗ್ಲೂಕೋಸ್ ಕುಡಿಸಿದರೂ ಈ ಹಾರ್ಮೋನುಗಳು ಸರಿಯಾಗಿ ಬರಲಿಲ್ಲ.

ಇಲ್ಲಿ ಗಮನಿಸಬೇಕಾದ ಮಾತು: ಸಿಹಿ ರುಚಿ ಇದ್ದರೆ ಸಾಲದು, ಸಕ್ಕರೆ ಆ ಬಾಗಿಲಿನಿಂದ ಒಳಗೆ ಹೋಗಬೇಕು.

ಎಲ್ಲ ಸಕ್ಕರೆಯೂ ಒಂದೇ ಅಲ್ಲ

ನಾವು ಚೀಲಗಟ್ಟಲೆ ತರಿಸುವ ಸಕ್ಕರೆಯ ರಾಸಾಯನಿಕ ಹೆಸರು ಸುಕ್ರೋಸ್. ಇದರಲ್ಲಿ ಒಂದು ಗ್ಲೂಕೋಸ್ ಮತ್ತು ಒಂದು ಫ್ರಕ್ಟೋಸ್ ಜೋಡಿಯಾಗಿವೆ. ಜೋಡಿಯಾಗಿದ್ದಾಗ ಇದು ಆ ಬಾಗಿಲಿನಿಂದ ಹೋಗುವುದಿಲ್ಲ. ಸಣ್ಣ ಕರುಳಿನ ಒಳಪದರದಲ್ಲಿರುವ ಕಿಣ್ವವೊಂದು ಮೊದಲು ಇದನ್ನು ಎರಡಾಗಿ ಒಡೆಯಬೇಕು. ಗ್ಲೂಕೋಸ್ ಎಸ್‌ಜಿಎಲ್‌ಟಿ-1 ಬಾಗಿಲಿನಿಂದ ಹೋಗಿ ಹಾರ್ಮೋನು ಬಿಡಿಸುತ್ತದೆ. ಫ್ರಕ್ಟೋಸ್‌ಗೆ ಬೇರೆಯೇ ಬಾಗಿಲು. ಅದು ಜಿಎಲ್‌ಪಿ-1 ಹಾರ್ಮೋನನ್ನು ಸ್ವಲ್ಪ ಬಿಡಿಸುತ್ತದೆ, ಜಿಐಪಿಯನ್ನು ಬಿಡಿಸುವುದೇ ಇಲ್ಲ ಎನ್ನಬಹುದು. ಫ್ರಕ್ಟೋಸ್‌ನಿಂದ ರಕ್ತದ ಸಕ್ಕರೆ ಬೇಗ ಏರದು ನಿಜ, ಆದರೆ ಅದರ ಹೆಚ್ಚಿನ ಭಾರ ಬೀಳುವುದು ಯಕೃತ್ತಿನ ಮೇಲೆ. ಆದ್ದರಿಂದ ಅದನ್ನು ಮಧುಮೇಹಿಗಳ ಸಕ್ಕರೆ ಎಂದು ಭಾವಿಸುವುದು ತಪ್ಪು.

ಬೆಲ್ಲದಲ್ಲಿ ಇರುವುದೂ ಹೆಚ್ಚಿನಂಶ ಸುಕ್ರೋಸೇ. "ಬೆಲ್ಲದ ಕಾಫಿ, ಡಯಾಬಿಟಿಸ್‌ನವರು ಧಾರಾಳ ಕುಡಿಯಬಹುದು" ಎಂದು ಬೋರ್ಡು ಬರೆಯುವುದು ಸರಿಯಲ್ಲ. ಬೆಲ್ಲದ ಪರಿಮಳಕ್ಕಾಗಿ ಮಾರಿ, ಔಷಧಿ ಎಂದು ಮಾರಬೇಡಿ. ಜೇನಿನಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಬಿಡಿಬಿಡಿಯಾಗಿಯೇ ಇರುತ್ತವೆ, ಒಡೆಯುವ ಕೆಲಸವೂ ಇಲ್ಲ. ಹಾಲಿನ ಸಕ್ಕರೆ ಲ್ಯಾಕ್ಟೋಸ್. ಅದು ಒಡೆದರೆ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್. ಈ ಎರಡೂ ಅದೇ ಬಾಗಿಲಿನಿಂದಲೇ ಹೋಗುತ್ತವೆ.

ಅನ್ನ, ಇಡ್ಲಿ, ಪೂರಿ, ಪಾವ್ ಇವುಗಳಲ್ಲಿರುವ ಪಿಷ್ಟವೂ ಕಡೆಗೆ ಒಡೆದು ಗ್ಲೂಕೋಸೇ ಆಗುತ್ತದೆ. "ಸಿಹಿ ಮುಟ್ಟುವುದಿಲ್ಲ" ಎನ್ನುತ್ತಾ ನಾಲ್ಕು ಸಲ ಅನ್ನ ಹಾಕಿಸಿಕೊಳ್ಳುವ ಗಿರಾಕಿಯ ಕರುಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ.

ಹಾರ್ಮೋನು ಬಂದ ಮೇಲೆ ಏನಾಗುತ್ತದೆ?

ಜಿಐಪಿ ಮತ್ತು ಜಿಎಲ್‌ಪಿ-1 ಎರಡೂ ಮೇದೋಜೀರಕ ಗ್ರಂಥಿಗೆ ಹೋಗಿ "ಸಕ್ಕರೆ ಬರುತ್ತಿದೆ, ಇನ್ಸುಲಿನ್ ಸಿದ್ಧಮಾಡು" ಎಂದು ಮುಂಗಡ ಸುದ್ದಿ ಕೊಡುತ್ತವೆ. ಮದುವೆಮನೆಯಿಂದ ಬಸ್ಸು ಹೊರಟಿತು ಎಂದು ಫೋನ್ ಬಂದರೆ ನಮ್ಮ ಭಟ್ಟರು ಒಲೆ ಹೊತ್ತಿಸುವ ಹಾಗೆ. ಜಿಎಲ್‌ಪಿ-1ಗೆ ಇನ್ನೂ ಎರಡು ಕೆಲಸಗಳಿವೆ. ಜಠರದಿಂದ ಆಹಾರ ಕರುಳಿಗೆ ಇಳಿಯುವ ವೇಗವನ್ನು ಅದು ತಗ್ಗಿಸುತ್ತದೆ. ಮಿದುಳಿಗೆ "ಸಾಕು" ಎಂಬ ಸೂಚನೆ ಕೊಡುತ್ತದೆ. ಇದೇ ಹೊತ್ತಿಗೆ ಜಠರದಲ್ಲಿ ತಯಾರಾಗುವ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಕಡಿಮೆಯಾಗುತ್ತದೆ. ಇದನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಪತ್ತೆಹಚ್ಚಿದರು.

ಆದರೆ ಜಿಎಲ್‌ಪಿ-1ರ ಆಯುಸ್ಸು ಬಹಳ ಕಡಿಮೆ. ರಕ್ತಕ್ಕೆ ಬಂದ ಸುಮಾರು 2 ನಿಮಿಷದೊಳಗೆ ಅದರ ಅರ್ಧಭಾಗ ನಾಶವಾಗುತ್ತದೆ. ಡಿಪಿಪಿ-4 ಎಂಬ ಕಿಣ್ವ ಅದನ್ನು ಕತ್ತರಿಸಿ ಹಾಕುತ್ತದೆ. ಟೈಪ್ 2 ಮಧುಮೇಹ ಬಂದವರಲ್ಲಿ ಕರುಳಿನ ಈ ಸುದ್ದಿಯ ಪರಿಣಾಮವೇ ಕುಗ್ಗಿರುತ್ತದೆ ಎಂಬುದನ್ನು 1986ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಫೋನ್ ಬರುತ್ತದೆ, ಆದರೆ ಭಟ್ಟರು ಏಳುವುದು ತಡವಾಗುತ್ತದೆ. ಅಷ್ಟರಲ್ಲಿ ಪಂಕ್ತಿ ಕುಳಿತಾಗಿರುತ್ತದೆ.

ನಮ್ಮ ಕಿಸೆಯ ಮಾತ್ರೆ, ಗಿರಾಕಿಯ ಇಂಜೆಕ್ಷನ್

ಹೆಸರು "ಗ್ಲಿಪ್ಟಿನ್" ಎಂದು ಮುಗಿಯುವ ಮಾತ್ರೆ ನೀವು ತೆಗೆದುಕೊಳ್ಳುತ್ತಿದ್ದರೆ ಈ ವಿಷಯ ನಿಮ್ಮದೇ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಮೊದಲಾದ ಮಾತ್ರೆಗಳು ಆ ಡಿಪಿಪಿ-4 ಕಿಣ್ವವನ್ನು ತಡೆಹಿಡಿಯುತ್ತವೆ. ಅದರಿಂದ ಕರುಳಿನ ಹಾರ್ಮೋನು ಹೆಚ್ಚು ಹೊತ್ತು ಉಳಿಯುತ್ತದೆ. ವಿಲ್ಡಾಗ್ಲಿಪ್ಟಿನ್‌ನ ಪೇಟೆಂಟ್ ನಮ್ಮ ದೇಶದಲ್ಲಿ 2019ರಲ್ಲಿ, ಸಿಟಾಗ್ಲಿಪ್ಟಿನ್‌ನದ್ದು 2022ರಲ್ಲಿ ಮುಗಿದ ಮೇಲೆ ಬೆಲೆ ಇಳಿದು, ಸಾಮಾನ್ಯರಿಗೂ ಸಿಗುವಂತಾಯಿತು.

ಇಂಜೆಕ್ಷನ್ನಿನ ಕಥೆ ಇನ್ನೂ ವಿಚಿತ್ರ. ಅಮೆರಿಕದ ಮರುಭೂಮಿಯಲ್ಲಿರುವ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಜಿಎಲ್‌ಪಿ-1ನ್ನು ಹೋಲುವ, ಆದರೆ ಬೇಗ ನಾಶವಾಗದ ವಸ್ತುವೊಂದು 1990ರ ದಶಕದ ಆರಂಭದಲ್ಲಿ ಸಿಕ್ಕಿತು. ಅದರಿಂದ ಬಂದ ಔಷಧಿಗೆ ಅಮೆರಿಕದಲ್ಲಿ 2005ರಲ್ಲಿ ಒಪ್ಪಿಗೆ ದೊರೆಯಿತು. ಆಮೇಲೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಬಂತು. ಜಿಐಪಿ, ಜಿಎಲ್‌ಪಿ-1 ಎರಡರ ಕೆಲಸವನ್ನೂ ಮಾಡುವ ಟಿರ್ಜೆಪಟೈಡ್ 2025ರ ಮಾರ್ಚಿನಲ್ಲಿ ಭಾರತದ ಮಾರುಕಟ್ಟೆಗೆ ಬಂತು. ತೂಕ ಇಳಿಸಲೆಂದೇ ಕೊಡುವ ಸೆಮಾಗ್ಲುಟೈಡ್ ಅದೇ ವರ್ಷ ಜೂನಿನಲ್ಲಿ ಬಂತು.

ಇಂಥ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಹೊಟ್ಟೆ ಬೇಗ ತುಂಬಿದಂತಾಗುತ್ತದೆ. ಎಣ್ಣೆಯ ತಿಂಡಿ ಹೆಚ್ಚು ತಿಂದರೆ ಕೆಲವರಿಗೆ ಓಕರಿಕೆ ಬರುತ್ತದೆ. ಅವರು ಅರ್ಧ ಬಿಟ್ಟು ಎದ್ದರೆ ನಮ್ಮ ಅಡುಗೆ ಕೆಟ್ಟಿದೆ ಎಂದು ತಿಳಿಯಬೇಕಾಗಿಲ್ಲ. ಅರ್ಧ ಪ್ಲೇಟಿನ ದರ ಮೆನುವಿನಲ್ಲೇ ಬರೆದಿಟ್ಟರೆ ಅವರಿಗೂ ಸಂಕೋಚವಿಲ್ಲ, ನಮಗೂ ಆಹಾರ ಹಾಳಾಗುವುದಿಲ್ಲ. ಇನ್ನೊಂದು ಮಾತು: ಇಂಜೆಕ್ಷನ್ನಿನ ಪರಿಣಾಮ ದಿನಗಟ್ಟಲೆ ಇರುತ್ತದೆ, ಊಟದಿಂದ ಬರುವ ಹಾರ್ಮೋನು ನಿಮಿಷಗಳಲ್ಲಿ ಮುಗಿಯುತ್ತದೆ. ಯಾವುದಾದರೂ ತಿಂಡಿಯನ್ನು ಆ ಇಂಜೆಕ್ಷನ್ನಿಗೆ ಸಮಾನ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನಾವೂ ಹಾಗೆ ಜಾಹೀರಾತು ಮಾಡಬಾರದು.

ಕೃತಕ ಸಿಹಿ ಕರುಳನ್ನು ಏಮಾರಿಸುತ್ತದೆಯೇ?

ನಾಲಿಗೆಯಲ್ಲಿ ಸಿಹಿಯನ್ನು ಗುರುತಿಸುವ ಗ್ರಾಹಕಗಳು ಕರುಳಿನ ಕೋಶಗಳಲ್ಲೂ ಇವೆ ಎಂದು 2007ರಲ್ಲಿ ಪ್ರಕಟವಾದಾಗ ದೊಡ್ಡ ಸುದ್ದಿಯಾಯಿತು. ಹಾಗಾದರೆ ಸುಕ್ರಲೋಸ್‌ನಂಥ ಕೃತಕ ಸಿಹಿಯಿಂದಲೂ ಹಾರ್ಮೋನು ಬರಬೇಕಲ್ಲ ಎಂದು ಹಲವರು ಭಾವಿಸಿದರು. 2009ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಆರೋಗ್ಯವಂತರ ಹೊಟ್ಟೆಗೆ ನೇರವಾಗಿ ಸುಕ್ರಲೋಸ್ ಕೊಟ್ಟು ನೋಡಿದರು. ಜಿಎಲ್‌ಪಿ-1 ಏರಲಿಲ್ಲ, ಜಿಐಪಿಯೂ ಏರಲಿಲ್ಲ. ಅದೇ ಜನರಿಗೆ ನಿಜವಾದ ಸಕ್ಕರೆ ಕೊಟ್ಟಾಗ ಎರಡೂ ಏರಿದವು. ನಾಲಿಗೆಯನ್ನು ಏಮಾರಿಸಿದಷ್ಟು ಸುಲಭವಾಗಿ ಕರುಳನ್ನು ಏಮಾರಿಸಲಾಗದು.

ಇದರ ಅರ್ಥವೇನು? ಮಧುಮೇಹವಿದ್ದವರು ಚಾಕ್ಕೆ ಕೃತಕ ಸಿಹಿಯ ಮಾತ್ರೆ ಹಾಕಿಕೊಂಡರೆ ಅದರಿಂದ ರಕ್ತದ ಸಕ್ಕರೆ ಏರುವುದಿಲ್ಲ, ಅಷ್ಟರಮಟ್ಟಿಗೆ ಪ್ರಯೋಜನವಿದೆ. ಆದರೆ "ಸಾಕು" ಎಂಬ ಸುದ್ದಿಯೂ ಮಿದುಳಿಗೆ ಹೋಗುವುದಿಲ್ಲ. ತೂಕ ಇಳಿಸುವ ಉದ್ದೇಶಕ್ಕೆ ಕೃತಕ ಸಿಹಿಯನ್ನು ಅವಲಂಬಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಲಹೆ ನೀಡಿತು. ಈಗಾಗಲೇ ಮಧುಮೇಹವಿರುವವರಿಗೆ ಆ ಸಲಹೆ ಅನ್ವಯವಾಗುವುದಿಲ್ಲ ಎಂದೂ ಅದೇ ಸಂಸ್ಥೆ ಹೇಳಿದೆ. ಅಡುಗೆಯವರಿಗೆ ಒಂದು ಕಿವಿಮಾತು: ಅಸ್ಪಾರ್ಟೇಮ್ ಎಂಬ ಸಿಹಿಯನ್ನು ಹೆಚ್ಚು ಹೊತ್ತು ಕುದಿಸಿದರೆ ಸಿಹಿ ಹೋಗುತ್ತದೆ. ಅದನ್ನು ಕಪ್ಪಿಗೇ ಹಾಕಬೇಕು, ಒಲೆಯ ಮೇಲಿನ ಪಾತ್ರೆಗಲ್ಲ.

ವೇಗದ ಲೆಕ್ಕ

ಒಂದೇ ಪ್ರಮಾಣದ ಸಕ್ಕರೆ ಕುಡಿಯುವ ರೂಪದಲ್ಲಿ ಬಂದಾಗ ಜಠರದಿಂದ ಬೇಗ ಇಳಿಯುತ್ತದೆ. ನಾರು, ಬೇಳೆ, ಕೊಬ್ಬಿನ ಜೊತೆ ಬಂದಾಗ ನಿಧಾನವಾಗಿ ಇಳಿಯುತ್ತದೆ. ಬೆಳಿಗ್ಗೆ ಲೋಕಲ್ ಹಿಡಿಯುವ ಅವಸರದಲ್ಲಿ ಖಾಲಿ ಹೊಟ್ಟೆಗೆ ಒಂದು ದೊಡ್ಡ ಗ್ಲಾಸು ಕಬ್ಬಿನ ಹಾಲು ಅಥವಾ ಸಕ್ಕರೆ ಹಾಕಿದ ಮೋಸಂಬಿ ರಸ ಕುಡಿದವನ ಕರುಳಿಗೆ ಸಕ್ಕರೆ ಒಮ್ಮೆಲೇ ನುಗ್ಗುತ್ತದೆ. ಅದೇ ಮೋಸಂಬಿಯನ್ನು ಸುಲಿದು ತಿಂದರೆ ಹೊತ್ತು ಹಿಡಿಯುತ್ತದೆ. ಹಾಗೆಂದು ತುಪ್ಪ ಸುರಿದ ಶೀರಾ ಒಳ್ಳೆಯದು ಎಂದಲ್ಲ. ತುಪ್ಪದಿಂದ ವೇಗ ತಗ್ಗಬಹುದು, ಆದರೆ ಕ್ಯಾಲೊರಿ ಏರುತ್ತದೆ.

ಈಗ ಚಾದ ಲೆಕ್ಕ ನೋಡೋಣ. ಒಂದು ಚಮಚ ಸಕ್ಕರೆ ಸುಮಾರು 5 ಗ್ರಾಂ. ಕಪ್ಪಿಗೆ ಎರಡು ಚಮಚವೆಂದರೆ 10 ಗ್ರಾಂ. ದಿನಕ್ಕೆ 6 ಚಾ ಕುಡಿಯುವವನಿಗೆ ಅದರಲ್ಲೇ 60 ಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿಯ ಪ್ರಕಾರ, 2000 ಕ್ಯಾಲೊರಿ ಆಹಾರ ತಿನ್ನುವವನಿಗೆ ಇಂಥ ಸಕ್ಕರೆ ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು. ಗಲ್ಲಾದಲ್ಲಿ ಕುಳಿತು ಬಂದ ಬಂದ ಪರಿಚಯದವರ ಜೊತೆ ಚಾ ಕುಡಿಯುವ ನಮ್ಮ ಲೆಕ್ಕ ಆರಕ್ಕೆ ನಿಲ್ಲುತ್ತದೆಯೇ ಎಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಲಿ.

ವ್ಯಾಪಾರದ ದೃಷ್ಟಿಯಿಂದಲೂ ನೋಡಬಹುದು. ಕಪ್ಪಿಗೆ 10 ಗ್ರಾಂ ಹಾಕಿದರೆ 500 ಕಪ್ಪಿಗೆ 5 ಕಿಲೋ ಸಕ್ಕರೆ ಬೇಕು. 7 ಗ್ರಾಂಗೆ ಇಳಿಸಿದರೆ ಮೂರೂವರೆ ಕಿಲೋ ಸಾಕು. ತಿಂಗಳಿಗೆ 45 ಕಿಲೋ ಉಳಿತಾಯ. ಒಮ್ಮೆಲೇ ಇಳಿಸಿದರೆ ಗಿರಾಕಿ ಗೊಣಗುತ್ತಾನೆ. ವಾರಕ್ಕೆ ಅರ್ಧ ಗ್ರಾಂನಂತೆ ಇಳಿಸಿದರೆ ನಾಲಿಗೆ ಹೊಂದಿಕೊಳ್ಳುತ್ತದೆ. ಬೇಕೆಂದವರಿಗೆ ಟೇಬಲಿನಲ್ಲಿ ಸಕ್ಕರೆ ಡಬ್ಬಿ ಇದ್ದೇ ಇದೆ.

ಬಡಿಸುವ ಕ್ರಮ

ನಮ್ಮ ಎಲೆಯೂಟದ ಕ್ರಮವನ್ನು ಒಮ್ಮೆ ನೆನಪಿಸಿಕೊಳ್ಳಿ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಮೊದಲು ಎಲೆಗೆ ಬೀಳುತ್ತವೆ. ಅನ್ನ ಆಮೇಲೆ ಬರುತ್ತದೆ. ದಾದರಿಗೆ ತಾಗಿಕೊಂಡೇ ಇರುವ ಮಾಟುಂಗಾದಲ್ಲಿ ಎ. ರಾಮನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಎಲೆಯೂಟವನ್ನು ಮುಂಬಯಿಯ ಜನಕ್ಕೆ ಪರಿಚಯಿಸಿದ ಹೋಟೆಲುಗಳಲ್ಲಿ ಹೆಸರಾದದ್ದು. ರೈಸ್ ಪ್ಲೇಟಿನ ಅವಸರದಲ್ಲಿ ನಾವು ಈ ಕ್ರಮವನ್ನು ಮರೆತಿದ್ದೇವೆ. ಈಗ ಬಿಸಿ ಪೂರಿ ಮತ್ತು ಸಿಹಿ ತಟ್ಟೆಯಲ್ಲಿ ಮೊದಲೇ ಕುಳಿತಿರುತ್ತವೆ. ಹಸಿದವನ ಕೈ ಮೊದಲು ಹೋಗುವುದೇ ಅಲ್ಲಿಗೆ.

2015ರಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಟೈಪ್ 2 ಮಧುಮೇಹವಿರುವ 11 ಮಂದಿಗೆ ಒಂದೇ ಊಟವನ್ನು ಎರಡು ಕ್ರಮಗಳಲ್ಲಿ ಕೊಟ್ಟರು. ಒಂದು ದಿನ ಬ್ರೆಡ್ಡು ಮತ್ತು ಕಿತ್ತಳೆ ರಸ ಮೊದಲು, ಪ್ರೋಟೀನು ಮತ್ತು ತರಕಾರಿ ಆಮೇಲೆ. ಇನ್ನೊಂದು ದಿನ ಅದಲು ಬದಲು. ತರಕಾರಿ, ಪ್ರೋಟೀನು ಮೊದಲು ತಿಂದ ದಿನ ಒಂದು ಗಂಟೆಯ ಬಳಿಕ ರಕ್ತದ ಗ್ಲೂಕೋಸ್ ಸುಮಾರು ಶೇ. 37ರಷ್ಟು ಕಡಿಮೆ ಇತ್ತು. ಅದೇ ತಂಡದ ಮುಂದಿನ ಅಧ್ಯಯನದಲ್ಲಿ ಜಿಎಲ್‌ಪಿ-1 ಹೆಚ್ಚು ಬಂದದ್ದೂ ಕಂಡಿತು. ಇವು ಸಣ್ಣ ಅಧ್ಯಯನಗಳು, ಔಷಧಿಯ ಬದಲಿಗೆ ಇದನ್ನು ಹಿಡಿಯಬಾರದು. ಆದರೆ ಕಾರಣ ನಮಗೆ ಅರ್ಥವಾಗುವಂಥದ್ದು. ಮೊದಲು ಹೋದ ಆಹಾರ ಹಾರ್ಮೋನು ಬಿಡಿಸಿ ಜಠರದ ಬಾಗಿಲನ್ನು ನಿಧಾನಗೊಳಿಸಿರುತ್ತದೆ. ಹಿಂದಿನಿಂದ ಬಂದ ಪಿಷ್ಟ ಸರತಿಯಲ್ಲಿ ನಿಲ್ಲಬೇಕಾಗುತ್ತದೆ.

ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನ ತುರಿಯ ಕೋಸಂಬರಿಯಲ್ಲಿ ಬೇಳೆಯ ಪ್ರೋಟೀನೂ ಇದೆ, ನಾರೂ ಇದೆ. ಗಿರಾಕಿ ಕುಳಿತೊಡನೆ ಒಂದು ಸಣ್ಣ ಬಟ್ಟಲು ಕೋಸಂಬರಿ ಮತ್ತು ಪಲ್ಯ ಕೊಟ್ಟು, ಪೂರಿ ಅನ್ನ ಐದು ಹತ್ತು ನಿಮಿಷ ಬಿಟ್ಟು ಕೊಟ್ಟರೆ ನಮಗೆ ಹೆಚ್ಚಿನ ಖರ್ಚಿಲ್ಲ. ಸಿಹಿಯನ್ನು ಕೊನೆಗೆ, ಕೇಳಿದವರಿಗೆ ಮಾತ್ರ ಕೊಟ್ಟರೆ ಹಾಳಾಗುವುದೂ ತಪ್ಪುತ್ತದೆ.

ಬೋರ್ಡಿನಲ್ಲಿ ಏನು ಬರೆಯಬೇಕು?

ಮುಂಬಯಿಯ ಚಾದಲ್ಲಿ ಒಂದು ತೊಡಕಿದೆ. ನಾವು ಹಾಲು, ಪುಡಿ, ಸಕ್ಕರೆ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕುದಿಸುತ್ತೇವೆ. "ಸಕ್ಕರೆ ಇಲ್ಲದ್ದು" ಎಂದು ಕೇಳಿದರೆ ಅವಸರದಲ್ಲಿ ಅದನ್ನೇ ಸ್ವಲ್ಪ ಹಾಲು ಬೆರೆಸಿ ಕೊಡುವ ಹುಡುಗರೂ ಇದ್ದಾರೆ. ಇದು ನಂಬಿಕೆದ್ರೋಹ. ಸಕ್ಕರೆ ಹಾಕದ ಚಾಕ್ಕೆ ಪ್ರತ್ಯೇಕ ಪಾತ್ರೆ, ಬೇರೆ ಬಣ್ಣದ ಕಪ್ಪು ಇರಲಿ. ಫಿಲ್ಟರ್ ಕಾಫಿಯಲ್ಲಿ ಈ ತೊಂದರೆ ಇಲ್ಲ, ಡಿಕಾಕ್ಷನ್ ಬೇರೆಯೇ ಇರುತ್ತದೆ.

ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳ ಪ್ರಕಾರ "ಶುಗರ್ ಫ್ರೀ" ಎನ್ನಬೇಕಾದರೆ 100 ಗ್ರಾಂ ಅಥವಾ 100 ಮಿಲಿಲೀಟರಿನಲ್ಲಿ ಸಕ್ಕರೆ ಒಟ್ಟು 0.5 ಗ್ರಾಂ ಮೀರಬಾರದು. ಹಾಲಿನಲ್ಲೇ ಲ್ಯಾಕ್ಟೋಸ್ ಇರುವುದರಿಂದ ಹಾಲು ಹಾಕಿದ ನಮ್ಮ ಚಾ ಈ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಬೋರ್ಡಿನಲ್ಲಿ "ಸಕ್ಕರೆ ಹಾಕದ ಚಾ" ಎಂದೇ ಬರೆಯಿರಿ. ಅದು ಸತ್ಯವೂ ಹೌದು, ಎಲ್ಲರಿಗೂ ಅರ್ಥವಾಗುವುದೂ ಹೌದು.

ಇದೊಂದನ್ನು ಹುಡುಗರಿಗೆ ಕಲಿಸಲೇಬೇಕು

ಕೊನೆಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಂಡು, ಊಟ ತಡವಾದ ಗಿರಾಕಿ ನಮ್ಮ ಹೋಟೆಲಿಗೆ ಬಂದು ಕುಳಿತಿರುತ್ತಾನೆ. ಬೆವರು, ಕೈ ನಡುಕ, ತಡವರಿಸುವ ಮಾತು. ಕುಡಿದು ಬಂದಿದ್ದಾನೆ ಎಂದು ನಮ್ಮ ವೇಟರ್ ಭಾವಿಸಬಹುದು. ಅದು ರಕ್ತದ ಸಕ್ಕರೆ ತೀರಾ ಇಳಿದಿರುವ ಲಕ್ಷಣವೂ ಆಗಿರಬಹುದು. ಆಗ ತಡಮಾಡುವಂತಿಲ್ಲ.

ಆ ಹೊತ್ತಿಗೆ ನಿಜವಾದ ಸಕ್ಕರೆಯೇ ಬೇಕು. ಸುಮಾರು 15 ಗ್ರಾಂ, ಅಂದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಬೇಕು. ಸುಧಾರಿಸಿದ ಮೇಲೆ ಏನಾದರೂ ತಿಂಡಿ ತಿನ್ನಿಸಬೇಕು. "ಡಯಾಬಿಟಿಸ್ ಇದೆ" ಎಂದು ಕೇಳಿ ಕೃತಕ ಸಿಹಿಯ ಪೊಟ್ಟಣ ತಂದುಕೊಟ್ಟರೆ ಏನೂ ಪ್ರಯೋಜನವಿಲ್ಲ. ಮೈಸೂರುಪಾಕು, ಪೇಡೆ ಕೊಡುವುದೂ ಸರಿಯಲ್ಲ, ಅವುಗಳ ಕೊಬ್ಬು ಸಕ್ಕರೆ ಇಳಿಯುವುದನ್ನು ತಡಮಾಡುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ನಮ್ಮಲ್ಲಿ ಹಲವರು ವೋಗ್ಲಿಬೋಸ್, ಅಕಾರ್ಬೋಸ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಾರೆ. ಸುಕ್ರೋಸನ್ನು ಎರಡಾಗಿ ಒಡೆಯುವ ಕಿಣ್ವವನ್ನು ತಡೆಯುವುದೇ ಆ ಮಾತ್ರೆಯ ಕೆಲಸ. ಅಂಥವರಿಗೆ ಸಾಮಾನ್ಯ ಸಕ್ಕರೆ ಕೊಟ್ಟರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಆದ್ದರಿಂದ ಗಲ್ಲಾದ ಡ್ರಾಯರಿನಲ್ಲಿ ಒಂದು ಡಬ್ಬಿ ಗ್ಲೂಕೋಸ್ ಪುಡಿ ಸದಾ ಇರಲಿ. ಅದು ಎಲ್ಲರಿಗೂ ಆಗುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಉಸಿರುನಾಳಕ್ಕೆ ಹೋಗಿ ಅಪಾಯವಾದೀತು. ಕೂಡಲೇ 108ಕ್ಕೆ ಫೋನ್ ಮಾಡಿ.

ನಮ್ಮ ಆರೋಗ್ಯದ ವಿಷಯವನ್ನೂ ಮುಂದೂಡಬಾರದು. ಬೆಳಿಗ್ಗೆ ಐದಕ್ಕೆ ಶಟರ್ ಎತ್ತಿ, ಮಧ್ಯಾಹ್ನ ಮೂರಕ್ಕೆ ಉಂಡು, ರಾತ್ರಿ ಹನ್ನೊಂದಕ್ಕೆ ಲೆಕ್ಕ ಮುಗಿಸುವ ನಮಗೆ ಪರೀಕ್ಷೆಗೆ ಪುರುಸೊತ್ತಿಲ್ಲ ಎಂಬ ಮಾತು ಹಳೆಯದಾಯಿತು. ಪರೇಲಿನ ಕೆಇಎಂ, ಸಾಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆ ದಾದರಿನಿಂದ ದೂರವಿಲ್ಲ. ಮಾಲಕರು, ಭಟ್ಟರು, ಕಾರ್ಮಿಕರು ಎಲ್ಲರೂ ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ. ನಾಳೆ ಬೆಳಿಗ್ಗೆ ಶಟರ್ ಎತ್ತಿದ ಮೇಲೆ ಮೂರು ಕೆಲಸ ಮಾಡಿ: ಸಕ್ಕರೆ ಹಾಕದ ಚಾಕ್ಕೆ ಒಂದು ಬೇರೆ ಪಾತ್ರೆ ಇಡಿ, ಮಧ್ಯಾಹ್ನದ ಊಟಕ್ಕೆ ಕೋಸಂಬರಿಯನ್ನು ಮೊದಲು ಬಡಿಸಿ, ಡ್ರಾಯರಿನಲ್ಲಿ ಗ್ಲೂಕೋಸ್ ಡಬ್ಬಿ ಇಟ್ಟು ಅದು ಎಲ್ಲಿದೆ ಎಂದು ಎಲ್ಲ ಹುಡುಗರಿಗೂ ತೋರಿಸಿ.